ಒಂದು ಆಣೆಯ ಋಣ

ಒಬ್ಬ ಬಡವನ ದೇಹದಿಂದ ಲೋಕಕ್ಕೆಲ್ಲ ಉಪಯೋಗವಾಗುವ ಅರಿವೊಂದು ದೊರೆತರೆ, ಆತನಿಗೆ ನಾವು ಕೊಡಬೇಕಾದದ್ದೇನು? ಕೂಲಿಯೇ? ಕೃತಜ್ಞತೆಯೇ? ಅಥವಾ ಇವೆರಡಕ್ಕೂ ಮಿಕ್ಕಿದ್ದು ಏನಾದರೂ ಇದೆಯೇ? ಮಲೇರಿಯಾ ಸಂಶೋಧನೆಯ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಕಾಡದೆ ಬಿಡುವುದಿಲ್ಲ.

ರೊನಾಲ್ಡ್ ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ವೈದ್ಯರು. ಮಲೇರಿಯಾದ ಪರಾವಲಂಬಿ ಜೀವಿಯನ್ನು ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲೇ ರೋಗಿಯ ರಕ್ತದಲ್ಲಿ ಕಂಡಿದ್ದರು. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದಾರಿ ತಿಳಿದಿರಲಿಲ್ಲ. ಸೊಳ್ಳೆಯ ಮೇಲೆ ತಮಗಿದ್ದ ಸಂಶಯವನ್ನು ಪ್ಯಾಟ್ರಿಕ್ ಮ್ಯಾನ್ಸನ್ 1894ರಲ್ಲಿ ಲಂಡನ್ನಿನಲ್ಲಿ ರಾಸ್‌ಗೆ ತಿಳಿಸಿದರು. ಮರುವರ್ಷ ಸಿಕಂದರಾಬಾದಿಗೆ ಬಂದ ರಾಸ್ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಡಿ ಹುಡುಕತೊಡಗಿದರು. ಸೀಳಿದ ಸೊಳ್ಳೆ ಗಾಳಿಗೆ ಹಾರಿಹೋದೀತೆಂದು ಬೇಸಿಗೆಯಲ್ಲೂ ಪಂಖಾ ಬೀಸುವಂತಿರಲಿಲ್ಲ. ಬೆವರು ತಾಗಿ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಎರಡು ವರ್ಷ ಕೈಗೆ ಸಿಕ್ಕಿದ್ದು ಸೋಲೇ.

1897ರ ಆಗಸ್ಟ್‌ನಲ್ಲಿ ಹುಸೇನ್ ಖಾನ್ ಎಂಬ ಜ್ವರದ ರೋಗಿಯನ್ನು ಸೊಳ್ಳೆಗಳಿಂದ ಕಚ್ಚಿಸಲಾಯಿತು. ರಕ್ತ ಹೀರಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಕೂಲಿ. ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕಪ್ಪು ಕಣಗಳಿದ್ದ ಕೋಶಗಳು ಕಂಡವು. ಮರುವರ್ಷ ಕಲ್ಕತ್ತಾದಲ್ಲಿ ಪಕ್ಷಿಗಳ ಮಲೇರಿಯಾವನ್ನು ಪರೀಕ್ಷಿಸಿದ ರಾಸ್, ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಸೇರುವುದನ್ನು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. ಮನುಷ್ಯರ ಮಲೇರಿಯಾದಲ್ಲಿ ಇದೇ ನಡೆಯುತ್ತದೆಂದು ಸಾಧಿಸಿದ ಇಟಲಿಯ ಗ್ರಾಸ್ಸಿಗೂ ರಾಸ್‌ಗೂ ಕೀರ್ತಿಗಾಗಿ ಬಹುಕಾಲ ಜಗಳ ನಡೆಯಿತು. ಹುಸೇನ್ ಖಾನ್ ಆ ಕೀರ್ತಿಯ ಪಾಲುದಾರರಾಗಿರಲಿಲ್ಲ.

ಇಲ್ಲಿ ನಾವು ನ್ಯಾಯವಾಗಿಯೇ ಮಾತನಾಡಬೇಕು. ಖಾನರಿಗೆ ಜ್ವರ ಮೊದಲೇ ಇತ್ತು. ರಾಸ್ ಅದನ್ನು ತರಿಸಲಿಲ್ಲ. ಕಚ್ಚಿದ್ದು ಮರಿಗಳಿಂದ ಸಾಕಿ ಬೆಳೆಸಿದ ಸೊಳ್ಳೆಗಳು. ಖಾನರ ಹೆಸರು ಉಳಿದಿರುವುದು ರಾಸ್ ಅದನ್ನು ಬರೆದಿಟ್ಟದ್ದರಿಂದಲೇ. ಆದರೆ 1895ರಲ್ಲಿ ಲಚ್ಮನ್ ಎಂಬ ಆರೋಗ್ಯವಂತ ಯುವಕನಿಗೆ, ರೋಗಿಯ ರಕ್ತ ಹೀರಿದ ಸೊಳ್ಳೆಗಳು ಸತ್ತುಬಿದ್ದ ನೀರನ್ನು ಕುಡಿಸಿದ ಪ್ರಯೋಗ ಬೇರೆಯೇ ಮಾತು. ನೀರಿನಿಂದ ರೋಗ ಹರಡುತ್ತದೆಯೇ ಎಂದು ನೋಡುವುದಕ್ಕಾಗಿ ಅದು ನಡೆಯಿತು. ಫಲ ದೊಡ್ಡದು, ಮದ್ದಾಗಿ ಕ್ವಿನೈನ್ ಕೈಯಲ್ಲಿದೆ ಎಂಬುದು ರಾಸ್ ಕೊಟ್ಟ ಸಮರ್ಥನೆ. ಫಲ ದೊಡ್ಡದಾದರೆ ಇನ್ನೊಬ್ಬರ ದೇಹವನ್ನು ಪಣಕ್ಕಿಡಬಹುದೇ? ಆಳುವವರ ವೈದ್ಯ ಬಟ್ಟಲು ಮುಂದೆ ಹಿಡಿದಾಗ, ಬೇಡ ಎನ್ನುವ ಧೈರ್ಯ ಆ ಯುವಕನಿಗಿತ್ತೇ? ಕೇಳದೆ ಮಾಡಿದ್ದು ತಪ್ಪು ಎಂಬುದು ಸುಲಭದ ಮಾತು. ಕೇಳಿದರೂ ಇಲ್ಲವೆನ್ನಲಾಗದವನ ಒಪ್ಪಿಗೆಗೆ ಬೆಲೆ ಎಷ್ಟು ಎಂಬುದು ಕಠಿಣ ಪ್ರಶ್ನೆ.

1947ರ ನ್ಯೂರೆಂಬರ್ಗ್ ಸಂಹಿತೆ ಸ್ವಯಿಚ್ಛೆಯ ಒಪ್ಪಿಗೆಯನ್ನು ಕಡ್ಡಾಯವೆಂದಿತು. 1964ರ ಹೆಲ್ಸಿಂಕಿ ಘೋಷಣೆ ವೈದ್ಯರ ಹೊಣೆಯನ್ನು ಇನ್ನಷ್ಟು ಬಿಡಿಸಿ ಹೇಳಿತು. ಇವು ಬೇಕೇಬೇಕು. ಆದರೂ ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಕೂಲಿ ಕೊಟ್ಟ ಕೂಡಲೇ ಕೆಲಸದ ಲೆಕ್ಕ ಚುಕ್ತಾ ಆಗುತ್ತದೆ. ಅರಿವಿನ ಲೆಕ್ಕ ಹಾಗಲ್ಲ. ಅದು ತಲೆಮಾರುಗಳವರೆಗೆ ಲಾಭ ಕೊಡುತ್ತಲೇ ಇರುತ್ತದೆ. ಹುಸೇನ್ ಖಾನರಿಗೆ ಇನ್ನು ಏನನ್ನೂ ಹಿಂತಿರುಗಿಸಲಾಗದು. ಅವರ ಸ್ಥಿತಿಯಲ್ಲಿ ಇಂದು ಮಲಗಿರುವವರಿಗೆ ಹಿಂತಿರುಗಿಸಬಹುದು. ಆ ಕೆಲಸದಲ್ಲಿ ನಾವು ಎಷ್ಟು ಹಿಂದುಳಿದಿದ್ದೇವೆ ನೋಡಿ: ರಾಸ್ ದಾರಿ ತೋರಿಸಿ ಶತಮಾನ ಕಳೆದರೂ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಸತ್ತವರು 5,97,000 ಮಂದಿ. ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಪುಟ್ಟ ಮಕ್ಕಳು.

ನಮ್ಮ ಊರಿನ ಮಾತನ್ನೂ ಆಡೋಣ. 1883ರ ಸುಮಾರಿಗೆ ಬೆಂಗಳೂರಿನಲ್ಲಿದ್ದಾಗ ರಾಸ್ ತಮ್ಮ ಕಿಟಕಿಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರನ್ನು ಚೆಲ್ಲಿಸಿದ್ದರು. ಮನೆಯ ಸೊಳ್ಳೆ ಕಡಿಮೆಯಾಗಿತ್ತು. ಅಷ್ಟು ಸರಳವಾದ ಈ ಪಾಠ ಕಟ್ಟಡ ಕಟ್ಟುವ ಜಾಗಕ್ಕೆ ಇನ್ನೂ ಪೂರ್ತಿ ತಲುಪಿಲ್ಲ. ಹಲವು ವರ್ಷ ರಾಜ್ಯದ ಮಲೇರಿಯಾದ ದೊಡ್ಡ ಪಾಲನ್ನು ಹೊತ್ತ ಮಂಗಳೂರಿನಲ್ಲಿ, ಏಳುತ್ತಿದ್ದ ಬಹುಮಹಡಿ ಕಟ್ಟಡಗಳ ನಿಂತ ನೀರೇ ಸೊಳ್ಳೆಗೆ ತೊಟ್ಟಿಲಾಯಿತು. ಜ್ವರ ಹರಡಿದಾಗ ನಾವು ಬೆರಳು ತೋರಿಸಿದ್ದು ಹೊರಗಿನಿಂದ ಬಂದ ಕೂಲಿಯಾಳಿನತ್ತ. ರೋಗವನ್ನು ತಂದವನು ಅವನೇ ಎಂದೆವು. ನಿಂತ ನೀರಿನ ಪಕ್ಕದ ಶೆಡ್ಡಿನಲ್ಲಿ, ಸೊಳ್ಳೆಪರದೆಯಿಲ್ಲದೆ ಅವನನ್ನು ಮಲಗಿಸಿದವರು ಯಾರೆಂದು ಕೇಳಲಿಲ್ಲ.

ಒಂದು ಕಾಲಕ್ಕೆ ಅಂಥವರ ರಕ್ತದಿಂದಲೇ ಲೋಕಕ್ಕೆ ಉತ್ತರ ಸಿಕ್ಕಿತು. ಇಂದು ಅದೇ ರಕ್ತ ನಮಗೆ ಅಪಾಯವಾಗಿ ಕಾಣುತ್ತಿದೆ. ಅವನ ಜ್ವರಕ್ಕೆ ಅಂದೇ ರಕ್ತಪರೀಕ್ಷೆ, ಪೂರ್ತಿ ಮದ್ದು, ಕೂಲಿ ಕಡಿತವಿಲ್ಲದ ನಾಲ್ಕು ದಿನದ ವಿಶ್ರಾಂತಿ, ಮಲಗಲು ಒಂದು ಸೊಳ್ಳೆಪರದೆ, ನೀರಿನ ತೊಟ್ಟಿಗೆ ಒಂದು ಮುಚ್ಚಳ. ಹುಸೇನ್ ಖಾನರಿಗೆ ನಾವು ಸಲ್ಲಿಸಬೇಕಾದ ಬಾಕಿ ಸದ್ಯಕ್ಕೆ ಇಷ್ಟು.