ಮಲಗಿದವನ ಎದುರು ಕೂತು ಕೇಳುವ ದೇವರು

ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ನೀರಿಗಾಗಿ ಮುಗಿಲು ನೋಡುತ್ತ ಬದುಕಿದ ನಾಡು ರಾಯಚೂರು ಸೀಮೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಬಿಸಿಲು, ಬರ, ದಂಡುಗಳ ಓಡಾಟ. ಹಿಂದಿನವರು ಇದನ್ನು ಎಡೆದೊರೆ ನಾಡು ಎಂದರು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಬಹುಕಾಲ ಬಾಡಿದ್ದ ದಾಸಸಾಹಿತ್ಯ 18ನೆಯ ಶತಮಾನದಲ್ಲಿ ಮತ್ತೆ ಚಿಗುರಿದ್ದು ಇಂಥ ನೆಲದಲ್ಲಿ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಬಂದವರು. ಮೂವರಲ್ಲಿ ಯಾರ ಬದುಕೂ ಸುಖದ ಹಾಸಿಗೆಯಾಗಿರಲಿಲ್ಲ. ವಿಜಯದಾಸರ ಮನೆಯ ಬಡತನವನ್ನು ಅಲ್ಲಿನ ಜನ ಇಂದಿಗೂ ಕಥೆಯಾಗಿ ಹೇಳುತ್ತಾರೆ. ಗೋಪಾಲದಾಸರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು, ಹೊಲಮನೆ ಬಂಧುಗಳ ಪಾಲಾಯಿತು, ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಳು ಎನ್ನುತ್ತದೆ ಸಂಪ್ರದಾಯ.

ಜಗನ್ನಾಥದಾಸರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬ್ಯಾಗವಟ್ಟಿಯಲ್ಲಿ ಹುಟ್ಟಿದ ಅವರ ಪೂರ್ವದ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದ ಘನ ಪಂಡಿತರು, ವಾದಕ್ಕೆ ಕೂತರೆ ಎದುರಾಳಿ ಏಳುವುದು ಕಷ್ಟ. ಕನ್ನಡದಲ್ಲಿ ಹಾಡಿ, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ದಾಸರನ್ನು ಕಂಡರೆ ಅವರಿಗೆ ಸಸಾರ. ವಿಜಯದಾಸರು ಮಾನವಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ಕಳುಹಿಸಿದರಂತೆ. ಆ ನೆಪವೇ ನಿಜವಾಯಿತು. ಔಷಧಕ್ಕೆ ಬಗ್ಗದ ಉದರಶೂಲೆ ಅವರನ್ನು ಹಾಸಿಗೆಗೆ ಕೆಡವಿತು. ಮಂತ್ರಾಲಯಕ್ಕೆ ಹೋಗಿ ರಾಯರ ಸೇವೆ ಮಾಡಿದರು. ಅಲ್ಲಿಂದ ವಿಜಯದಾಸರ ಬಳಿಗೇ ಹೋಗು ಎಂಬ ಸೂಚನೆ ಸಿಕ್ಕಿತು, ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಕಡೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಬೇಡಿ ಒಂದು ಕೀರ್ತನೆ ಹಾಡಿ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಈ ರೋಗಿಗೆ ಧಾರೆಯೆರೆದರು ಎಂಬುದು ಮಾನವಿ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಆಮೇಲೆ ಪಂಢರಪುರದ ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ ‘ಜಗನ್ನಾಥ ವಿಠಲ’ ಎಂಬ ಅಂಕಿತ ದೊರೆಯಿತು. ಯಾವ ಭಾಷೆಯನ್ನು ಕೀಳೆಂದು ಎಣಿಸಿದ್ದರೋ ಅದೇ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, ಅವರು ‘ಹರಿಕಥಾಮೃತಸಾರ’ವನ್ನು ಬರೆದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಹಂಕಾರಕ್ಕೆ ಬಿದ್ದ ಪೆಟ್ಟು ಎಂದು ಹೇಳಿ ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ರೋಗ ಬಂದವನ ಮುಂದೆ ಕೂತು ‘ನಿನ್ನ ಕರ್ಮ’ ಎನ್ನುವುದು ನಮ್ಮ ಸಮಾಜದ ಬಹಳ ಹಳೆಯ ಕ್ರೌರ್ಯ. ಜಗನ್ನಾಥದಾಸರು ತಮ್ಮ ತಪ್ಪನ್ನು ತಾವೇ ಕಂಡುಕೊಂಡರು, ಅದು ಅವರ ದೊಡ್ಡತನ. ಅದನ್ನು ಅಳತೆಗೋಲು ಮಾಡಿಕೊಂಡು ಇನ್ನೊಬ್ಬರ ನೋವನ್ನು ಅಳೆಯುವ ಹಕ್ಕು ನಮಗಿಲ್ಲ. ಅವರ ಕಾವ್ಯ ತಾನೇ ಆ ಕೆಲಸ ಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು.

ಹರಿಕಥಾಮೃತಸಾರದಲ್ಲಿ ಮಂಗಳಾಚರಣೆಯಾದ ಕೂಡಲೆ ಬರುವುದು ಕರುಣಾಸಂಧಿ. ತತ್ತ್ವದ ಜಟಿಲ ಲೆಕ್ಕಾಚಾರಗಳೆಲ್ಲ ಆಮೇಲೆ. ಮೊದಲು ದೇವರ ಕರುಣೆ ಎಂಥದು ಎಂದು ತಿಳಿದುಕೋ ಎನ್ನುವಂತಿದೆ ಆ ಕ್ರಮ. ಅದರಲ್ಲಿ ಒಂದು ಪದ್ಯ ಬರುತ್ತದೆ. ಭಕ್ತ ಯಾವ ಭಂಗಿಯಲ್ಲಿ ಹಾಡಿದರೂ ದೇವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು ಸ್ಪಂದಿಸುತ್ತಾನೆ ಎಂಬುದು ಅದರ ಭಾವ. ಆ ಸಾಲಿನಲ್ಲಿ ಮೊದಲು ಬರುವವನು ಮಡಿಯುಟ್ಟು ಪದ್ಮಾಸನದಲ್ಲಿ ಕೂತವನಲ್ಲ, ಮಲಗಿಕೊಂಡು ಹಾಡುವವನು. ಅವನ ಹಾಡು ಕೇಳಲು ದೇವರು ಎದುರಿಗೆ ಕೂತುಬಿಡುತ್ತಾನೆ. ಈ ಪದ್ಯವನ್ನು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ, ಎದ್ದು ಕೂರಲಾಗದ ನೋವನ್ನು ಉಂಡವರೇ ಹೀಗೆ ಬರೆಯಲು ಸಾಧ್ಯ. ಪೂಜೆಗೆ ಏಳಲಾಗದೆ, ಸ್ನಾನಕ್ಕೆ ಹೋಗಲಾಗದೆ, ನೋಯುವ ಹೊಟ್ಟೆ ಹಿಡಿದು ಮಲಗಿದ್ದ ಪಂಡಿತನಿಗೆ ಶಾಸ್ತ್ರದ ನೂರು ವಿಧಿಗಳಿಗಿಂತ ಬೇಕಾಗಿದ್ದದ್ದು ಇದೊಂದು ಭರವಸೆ. ನಾನು ಏಳಲಾರೆ, ಆದರೂ ಅವನು ಬರುತ್ತಾನೆ.

ದೇವರು ಬದಲಾಗುವುದಿಲ್ಲ ಎಂದು ಹಲವು ಮತಗಳು ಹೇಳುತ್ತವೆ. ಮಾಧ್ವ ಸಿದ್ಧಾಂತ ಅದನ್ನು ಬಿಂಬ–ಪ್ರತಿಬಿಂಬಗಳ ನಂಟಿನಲ್ಲಿ ಹೇಳುತ್ತದೆ. ಪ್ರತಿ ಜೀವನಲ್ಲೂ ಹರಿ ಬಿಂಬನಾಗಿ ನೆಲೆಸಿದ್ದಾನೆ. ಎಚ್ಚರ, ಕನಸು, ಗಾಢನಿದ್ರೆ, ತಾಯ ಬಸಿರು, ಕೊನೆಯ ಉಸಿರು ಯಾವುದರಲ್ಲೂ ಆ ನಂಟು ಕಳಚುವುದಿಲ್ಲ. ಜೀವ ಮರೆಯಬಹುದು, ಬಿಂಬ ಮರೆಯುವುದಿಲ್ಲ. ಇದೇ ಕೃತಿಯ ಶ್ವಾಸಸಂಧಿ ಇನ್ನೂ ಹತ್ತಿರದ ಮಾತು ಹೇಳುತ್ತದೆ. ನಮ್ಮೊಳಗೆ ಮುಖ್ಯಪ್ರಾಣ ಹಗಲಿರುಳು ಉಸಿರುಸಿರಿಗೂ ಹಂಸಮಂತ್ರದ ಜಪ ನಡೆಸುತ್ತಿದ್ದಾನೆ, ದಿನಕ್ಕೆ 21,600 ಬಾರಿ. ನಿಮಿಷಕ್ಕೆ ಭಾಗಿಸಿದರೆ 15 ಆಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಎಂದು ವೈದ್ಯರೂ ಹೇಳುತ್ತಾರೆ. ನನಗೆ ಮುಖ್ಯವಾದದ್ದು ಈ ಲೆಕ್ಕ ಕೂಡಿಬರುವುದಲ್ಲ. ನಾನು ದೇವರ ಮೇಲೆ ಮುನಿಸಿಕೊಂಡು ಜಪಮಾಲೆಯನ್ನು ಮೂಲೆಗಿಟ್ಟ ದಿನವೂ ಒಳಗೆ ಜಪ ನಿಲ್ಲುವುದಿಲ್ಲ ಎಂಬ ನಂಬಿಕೆ ಮುಖ್ಯ. ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರ ಪಕ್ಕ ಕೂತವರಿಗೆ ಇದಕ್ಕಿಂತ ದೊಡ್ಡ ಸಾಂತ್ವನ ನನಗೆ ತಿಳಿದಿಲ್ಲ.

ಹೊರನಾಡಿನಲ್ಲಿರುವ ನಮ್ಮ ಸಂಕಟಗಳು ಬರಗಾಲದ ರಾಯಚೂರಿನ ಸಂಕಟಗಳಲ್ಲ, ಆದರೆ ಅವು ಚಿಕ್ಕವೂ ಅಲ್ಲ. ಅಮೆರಿಕದಲ್ಲಿ ಎಚ್–1ಬಿ ವೀಸಾದ ಮೇಲೆ ಇರುವವರ ಕೆಲಸ ಹೋದರೆ ಸಾಮಾನ್ಯವಾಗಿ ಇನ್ನೊಂದು ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಮಕ್ಕಳ ಶಾಲೆ, ಮನೆಯ ಸಾಲ, ಊರಲ್ಲಿರುವ ಹಿರಿಯರ ಔಷಧದ ಖರ್ಚು ಎಲ್ಲವೂ ಆ ದಿನಗಳ ಮೇಲೆ ನಿಂತಿರುತ್ತವೆ. ನಡುರಾತ್ರಿ ಊರಿಂದ ಫೋನ್ ಬಂದರೆ ಎತ್ತುವ ಮೊದಲೇ ಕೈ ನಡುಗುತ್ತದೆ. ತಂದೆಯ ಮುಖವನ್ನು ಕೊನೆಯ ಬಾರಿ ಮೊಬೈಲ್ ಪರದೆಯಲ್ಲೇ ನೋಡಿದವರು ನಮ್ಮ ನಡುವೆ ಇದ್ದಾರೆ. ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತಾಗ ಅಂಥ ಮನೆಗಳು ಎಷ್ಟೋ. ಇಲ್ಲಿ ಅತ್ತರೆ ಕೇಳಲು ಪಕ್ಕದ ಮನೆಯ ಅಜ್ಜಿ ಇಲ್ಲ, ಅಡುಗೆಮನೆಗೆ ನುಗ್ಗಿ ಕಾಫಿ ಮಾಡಿಕೊಡುವ ಚಿಕ್ಕಮ್ಮ ಇಲ್ಲ. ದುಃಖಕ್ಕಿಂತ ದುಃಖದ ಒಂಟಿತನವೇ ಹೊರನಾಡಿನಲ್ಲಿ ಜನರನ್ನು ಹೆಚ್ಚು ಕುಗ್ಗಿಸುತ್ತದೆ.

ಇಂಥ ಹೊತ್ತಿನಲ್ಲಿ ದೇವರನ್ನು ನಂಬು ಎಂದರೆ ಏನು ನಂಬಬೇಕು? ಕೆಲಸ ಸಿಕ್ಕೇ ಸಿಗುತ್ತದೆ, ರೋಗ ವಾಸಿಯಾಗಿಯೇ ತೀರುತ್ತದೆ ಎಂದೆ? ದಾಸರು ಹಾಗೆ ಮಾತು ಕೊಡಲಿಲ್ಲ. ಜಗನ್ನಾಥದಾಸರು ಗುಣವಾಗಿ 1809ರವರೆಗೆ ಬದುಕಿದರು. ಅವರಿಗೆ ಆಯುಷ್ಯ ಕೊಟ್ಟ ಗೋಪಾಲದಾಸರು ನಡುವಯಸ್ಸಿನಲ್ಲೇ ಹೊರಟುಹೋದರು. ಇಬ್ಬರಲ್ಲಿ ದೇವರು ಯಾರ ಮಾತು ಕೇಳಿದ, ಯಾರನ್ನು ಕೈಬಿಟ್ಟ? ಇಬ್ಬರ ಪದಗಳನ್ನೂ ಓದಿದವರಿಗೆ ಆ ಪ್ರಶ್ನೆಯೇ ತಪ್ಪೆನಿಸುತ್ತದೆ. ಹೆಚ್ಚು ವರ್ಷ ಸಿಕ್ಕವನ ಜೊತೆಗೂ ಕಡಿಮೆ ವರ್ಷ ಸಿಕ್ಕವನ ಜೊತೆಗೂ ಅವನು ಸಮನಾಗಿ ಇದ್ದ. ಕನಕದಾಸರು ತಮ್ಮ ಮನಸ್ಸನ್ನೇ ಮುಂದೆ ಕೂರಿಸಿಕೊಂಡು ಸಮಾಧಾನ ಹೇಳುವ ಪ್ರಸಿದ್ಧ ಕೀರ್ತನೆಯಲ್ಲೂ ಇದೇ ಇದೆ. ಬೆಟ್ಟದ ಮರಕ್ಕೆ ನೀರೆರೆದವನು, ಕಲ್ಲೊಳಗಿನ ಕಪ್ಪೆಗೂ ಆಹಾರವಿಟ್ಟವನು ನಮ್ಮನ್ನು ಮರೆಯಲಾರ ಎಂಬ ವಿಶ್ವಾಸ ಅದು. ಕಷ್ಟ ಬರುವುದೇ ಇಲ್ಲ ಎಂಬ ಆಶ್ವಾಸನೆ ಅಲ್ಲೂ ಇಲ್ಲ.

ಗೋಪಾಲದಾಸರು ಆಯುಷ್ಯ ದಾನ ಮಾಡಿದ್ದನ್ನು ಅಕ್ಷರಶಃ ನಂಬುವವರೂ ಇದ್ದಾರೆ, ಭಾವವಾಗಿ ತೆಗೆದುಕೊಳ್ಳುವವರೂ ಇದ್ದಾರೆ. ನಾನು ನಂಬುವವಳು. ನಂಬದವರಿಗೂ ಒಂದು ಮಾತು ಕಾಣಬೇಕು. ಮಂತ್ರಾಲಯದಲ್ಲಿ ಮೊರೆಯಿಟ್ಟ ರೋಗಿಗೆ ದೇವರ ಉತ್ತರ ಬಂದದ್ದು ಒಬ್ಬ ಮನುಷ್ಯನ ಮೂಲಕ, ಅದೂ ತನ್ನ ಗುರುವನ್ನು ಅವಮಾನಿಸಿದವನು ಎಂಬ ಸೇಡನ್ನು ಇಟ್ಟುಕೊಳ್ಳದ ಮನುಷ್ಯನ ಮೂಲಕ. ದೇವರು ಕೈಬಿಡುವುದಿಲ್ಲ ಎಂದು ಒಬ್ಬ ನೊಂದವನು ನಂಬಬೇಕಾದರೆ ಅವನ ಕೈ ಹಿಡಿಯಲು ಯಾರಾದರೂ ಎದ್ದು ಹೋಗಬೇಕಾಗುತ್ತದೆ. ನಮಗೆ 40 ವರ್ಷ ಕೊಡುವ ಶಕ್ತಿಯಿಲ್ಲ, ಒಂದು ಸಂಜೆ ಕೊಡಬಹುದು.

ನಮ್ಮ ಕೂಟಗಳಲ್ಲಿ ಪುರಂದರದಾಸರ ಆರಾಧನೆ, ದೇವರನಾಮ ಸ್ಪರ್ಧೆ, ಆನ್‌ಲೈನ್ ಪಾರಾಯಣಗಳು ಚೆನ್ನಾಗಿ ನಡೆಯುತ್ತಿವೆ. ಬರುವವರಿಗೆ ಅವು ಸಿಗುತ್ತವೆ. ಯುಗಾದಿಗೆ ಬಂದು ದೀಪಾವಳಿಗೆ ಕಾಣದೆ ಹೋದವರ ಕಥೆ ಏನು? ಕೆಲಸ ಹೋದ ಸಂಕೋಚಕ್ಕೆ, ಚಿಕಿತ್ಸೆಯ ಆಯಾಸಕ್ಕೆ, ಮನೆಯಲ್ಲಿ ಆದ ಸಾವಿಗೆ ಅವರು ಹಿಂದೆ ಸರಿದಿರಬಹುದು. ಈ ಸಂಚಿಕೆ ಓದುತ್ತಿರುವ ನಿಮಗೆ ಅಂಥ ಒಂದು ಹೆಸರಾದರೂ ನೆನಪಾಗುತ್ತಿರಬೇಕು. ಅವರ ಮನೆಗೆ ಹೋಗಿ. ಸಮಾಧಾನದ ಭಾಷಣ ಬೇಡ, ಕರ್ಮದ ಮಾತಂತೂ ಬೇಡವೇ ಬೇಡ. ಊಟ ತೆಗೆದುಕೊಂಡು ಹೋಗಿ, ಕೂತು ಅವರ ಮಾತು ಕೇಳಿ, ಅವರು ಬಯಸಿದರೆ ಕರುಣಾಸಂಧಿಯನ್ನೋ, ವಚನವನ್ನೋ, ಅವರ ಅಮ್ಮ ಹಾಡುತ್ತಿದ್ದ ಯಾವುದಾದರೂ ಪದವನ್ನೋ ಜೊತೆಗೆ ಹಾಡಿ. ಮುಂದಿನ ಹಬ್ಬದವರೆಗೆ ಕಾಯಬೇಡಿ, ಈ ವಾರವೇ ಹೋಗಿ.