ಹಾಸಿಗೆ ಹಿಡಿದ ಯೋಧ ಕಲಿತ ಪಾಠ



ಪಕ್ಕದ ಮನೆಯವರ ಸಿಟ್ಟು, ಜಿಪುಣತನ, ಹೊಟ್ಟೆಕಿಚ್ಚು ಎಲ್ಲವೂ ನಮಗೆ ಬಾಯಿಪಾಠ. "ಅವನನ್ನು ನಾನು ಚೆನ್ನಾಗಿ ಬಲ್ಲೆ" ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಅದೇ, "ನಿಮ್ಮನ್ನು ನೀವು ಬಲ್ಲಿರಾ?" ಎಂದು ಯಾರಾದರೂ ಕೇಳಿದರೆ ಮಾತು ತಡವರಿಸುತ್ತದೆ.

ಸಂತ ಇಗ್ನೇಷಿಯಸ್ ಲೊಯೋಲರಿಗೂ ಹಾಗೆಯೇ ಆಗಿತ್ತು. ಅವರು ಆಗ ಕೀರ್ತಿಯ ಹುಚ್ಚು ಹಿಡಿದ ಯೋಧ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಅವರ ಕಾಲು ಮುರಿಯಿತು. ಮೂಳೆ ಕೂಡಿಕೊಂಡ ಮೇಲೆ ಮೊಣಕಾಲ ಕೆಳಗೆ ಒಂದು ಎಲುಬು ಉಬ್ಬಿ ನಿಂತಿತು. ಬಿಗಿಯಾದ ಬೂಟು ತೊಟ್ಟರೆ ವಿಕಾರವಾಗಿ ಕಾಣುತ್ತದೆಂದು ಅದನ್ನು ಕೊಯ್ಯಿಸಿದರು. ಅರಿವಳಿಕೆ ಇಲ್ಲದ ಕಾಲವದು! ಅಂಥ ನೋವನ್ನು ಹಲ್ಲುಕಚ್ಚಿ ಸಹಿಸಲು ಧೈರ್ಯ ಬೇಕು, ನಿಜ. ಆದರೆ ಆ ಧೈರ್ಯವೆಲ್ಲ ನೋಡುವವರ ಕಣ್ಣಿಗಾಗಿ. ನಮ್ಮಲ್ಲೂ ಸಾಲಮಾಡಿ ಅದ್ದೂರಿ ಮದುವೆ ನಡೆಸುವವರ ಧೈರ್ಯ ಇದೇ ಜಾತಿಯದಲ್ಲವೇ?

ಹಾಸಿಗೆಯಲ್ಲಿ ಹೊತ್ತು ಹೋಗದೆ ಅವರು ಶೂರರ ಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಓದುತ್ತ, ಕನಸು ಕಾಣುತ್ತ ಮಲಗಿದ್ದರು. ಒಬ್ಬ ಶ್ರೀಮಂತ ಮಹಿಳೆಯ ಮನಗೆಲ್ಲುವ ಕನಸು ಕೆಲವೊಮ್ಮೆ; ಬರಿಗಾಲಲ್ಲಿ ಜೆರುಸಲೇಮಿಗೆ ನಡೆದುಹೋಗುವ ಕನಸು ಇನ್ನು ಕೆಲವೊಮ್ಮೆ. ಕಾಣುವಾಗ ಎರಡೂ ಸವಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು; ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವರು ಬಹಳ ದಿನ ಗಮನಿಸಲೇ ಇಲ್ಲ. ಒಂದು ದಿನ ಗಮನಿಸಿದರು. ಅವರ ಹೊಸ ಬದುಕು ಆರಂಭವಾದದ್ದು ಅಲ್ಲಿಂದ.

ತನ್ನನ್ನು ಅರಿಯುವುದರಲ್ಲಿ ಅಪಾಯವೂ ಉಂಟು. ಮುಂದೆ ಮನ್ರೇಸದಲ್ಲಿ ಇಗ್ನೇಷಿಯಸರು ತಮ್ಮ ಹಳೆಯ ಪಾಪಗಳನ್ನು ಕೆದಕಿ ಕೆದಕಿ, ನಿವೇದಿಸಿದ್ದನ್ನೇ ಮತ್ತೆ ಮತ್ತೆ ನಿವೇದಿಸಿ ಬಳಲಿದರು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ದೇವರ ಕರುಣೆಯನ್ನು ಬದಿಗಿಟ್ಟು ತನ್ನೊಳಗೆ ಇಣುಕುವವನಿಗೆ ಬರೀ ಕತ್ತಲೆ ಕಾಣುತ್ತದೆ. ಯೂದನಿಗೂ ತನ್ನ ತಪ್ಪು ತಿಳಿದಿತ್ತು, ಪೇತ್ರರಿಗೂ ತಿಳಿದಿತ್ತು. ಆದರೆ ಪೇತ್ರರು ಪ್ರಭುವಿನ ನೋಟವನ್ನು ಎದುರಿಸಿ ಅತ್ತರು. ನಿಮ್ಮಲ್ಲಿ ಯಾರಿಗಾದರೂ ಅಂಥ ಕತ್ತಲೆ ಕವಿದಿದ್ದರೆ ಒಬ್ಬರೇ ಹೊರಬೇಡಿ. ಮನೆಯವರಿಗೆ ಹೇಳಿ, ಗುರುಗಳಿಗೆ ಹೇಳಿ, ವೈದ್ಯರ ಬಳಿಗೂ ಹೋಗಿ. ಅದು ನಂಬಿಕೆಯ ಕೊರತೆಯಲ್ಲ.

ಆದ್ದರಿಂದಲೇ ಇಗ್ನೇಷಿಯಸರು ಕಲಿಸಿದ ಆತ್ಮಪರಿಶೀಲನೆ ಪಾಪದ ಪಟ್ಟಿಯಿಂದ ಶುರುವಾಗುವುದಿಲ್ಲ. ಮೊದಲು ದಿನದ ಉಪಕಾರಗಳಿಗಾಗಿ ಕೃತಜ್ಞತೆ. ಬಳಿಕ, ಕಾಣುವ ಬೆಳಕು ಕೊಡೆಂದು ಬೇಡಿಕೆ. ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೊಂದು ನಿರ್ಧಾರ ಮಾಡುವುದು ಆಮೇಲಿನ ಮಾತು. ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಗಂಡನ ತಪ್ಪನ್ನು ಹೆಂಡತಿ, ಸೊಸೆಯ ತಪ್ಪನ್ನು ಅತ್ತೆ ಪರಿಶೀಲಿಸುವ ಪದ್ಧತಿ ಮಾತ್ರ ಇದರಲ್ಲಿ ಇಲ್ಲ!

ಸೆಮಿನರಿಯಲ್ಲಿ ಇದನ್ನೆಲ್ಲ ಓದಿ ಪರೀಕ್ಷೆಯಲ್ಲಿ ಅಂಕ ಗಳಿಸಿದವನು ನಾನು. ಆದರೂ ಒಂದು ಹಬ್ಬದ ಪೂಜೆಯಲ್ಲಿ ಮೈಕು ಕೆಟ್ಟಾಗ, ದೇವಾಲಯದ ಕೆಲಸ ನೋಡಿಕೊಳ್ಳುವ ಹಿರಿಯರನ್ನು ಜನರೆದುರೇ ಗದರಿಸಿದೆ. ನನ್ನ ತಂದೆಯ ವಯಸ್ಸಿನವರು. ದೇವರ ಕೆಲಸ ಅಚ್ಚುಕಟ್ಟಾಗಿರಬೇಕೆಂಬ ಕಾಳಜಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಾತ್ರಿ ಪ್ರಾರ್ಥನೆಗೆ ಕುಳಿತಾಗ ಆ ಸಮಾಧಾನ ನಿಲ್ಲಲಿಲ್ಲ. ಬೇರೆ ಊರಿನಿಂದ ಬಂದಿದ್ದ ಗುರುಗಳ ಎದುರು ನನ್ನ ಹೆಸರು ಕೆಡುತ್ತದೆಂಬ ಭಯವಲ್ಲದೆ ಬೇರೇನೂ ಅಲ್ಲಿರಲಿಲ್ಲ.

ಬೆಳಗ್ಗೆ ಅವರು ಗಂಟೆ ಬಾರಿಸಲು ಬರುವ ಹೊತ್ತಿಗೆ ಬಾಗಿಲಲ್ಲಿ ಕಾದು ನಿಂತು ಕ್ಷಮೆ ಕೇಳಿದೆ. "ಬಿಡಿ ಫಾದರ್, ವಯರು ನಾನು ಮೊದಲೇ ನೋಡಬೇಕಿತ್ತು" ಎಂದರು. ಆ ವಾರ ಪಾಪನಿವೇದನೆಗೆ ಮೊಣಕಾಲೂರಿದಾಗ, ಎಂದಿನಂತೆ "ಕೋಪಗೊಂಡೆ" ಎನ್ನದೆ ಆ ಭಯದ ಹೆಸರು ಹೇಳಿದೆ.