ಸೇವೆ ಮಾಡಿದವರ ಅಧಿಕಾರ

ಯಾವ ಧರ್ಮದ ಪ್ರಾರ್ಥನಾ ಮಂದಿರವನ್ನೇ ನೋಡಿ, ಅಲ್ಲಿ ಎರಡು ಬಗೆಯ ಕೆಲಸ ನಡೆಯುತ್ತಿರುತ್ತದೆ. ಒಂದು, ಎಲ್ಲರ ಕಣ್ಣೆದುರು ನಡೆಯುವ ಪ್ರಾರ್ಥನೆ, ಪಾರಾಯಣ, ಪ್ರವಚನ. ಇನ್ನೊಂದು, ಅದರ ಬೆನ್ನಿಗೆ ಸಾಗುವ ಆರೈಕೆ: ಬಂದವರಿಗೆ ಊಟ, ಕಾಯಿಲೆ ಬಿದ್ದವರ ವಿಚಾರಣೆ, ಬಡವರ ಮನೆಯ ಮದುವೆಗೆ ನೆರವು, ಸಾವಾದ ಮನೆಗೆ ಅನ್ನ. ಮೊದಲನೆಯದಕ್ಕೆ ಅಧಿಕಾರ ಅಂಟಿಕೊಂಡೇ ಬರುತ್ತದೆ. ಎರಡನೆಯದಕ್ಕೆ ಕೃತಜ್ಞತೆಯ ಮಾತಷ್ಟೇ ಸಲ್ಲುತ್ತದೆ. ಯಹೂದಿ ಧರ್ಮದಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟವಾಗಿದೆ. ಅಲ್ಲಿನ ಸಾಂಪ್ರದಾಯಿಕ ವಿಧಿಯಂತೆ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ವರ್ಷ ದಾಟಿದ ಹತ್ತು ಗಂಡಸರು ಕೂಡಬೇಕು. ಗೊತ್ತಾದ ಹೊತ್ತಿಗೇ ಮಾಡಬೇಕಾದ ಹೆಚ್ಚಿನ ವಿಧಿಗಳಿಂದ ಹೆಂಗಸರಿಗೆ ವಿನಾಯಿತಿ ಇದೆ; ಆ ವಿನಾಯಿತಿಯೇ ಕಾಲಕ್ರಮದಲ್ಲಿ ಅವರನ್ನು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ಮುಂದಾಳ್ತನದಿಂದ ದೂರ ಇಟ್ಟಿತು. ಅದೇ ಸಿನಗಾಗ್‌ಗಳ ಆರೈಕೆಯ ಕೆಲಸ ಮಾತ್ರ ಬಹುಪಾಲು ಹೆಂಗಸರ ಸಂಘಗಳ ಹೆಗಲ ಮೇಲೇ ನಡೆದುಬಂದಿದೆ. ಹಾಗಾದರೆ ಆ ಸೇವೆ ಪ್ರಾರ್ಥನೆಯ ಮುಂದಾಳ್ತನ ಸಿಗದವರಿಗೆ ಸಿಕ್ಕ ಎರಡನೇ ದರ್ಜೆಯ ಧರ್ಮವೇ? ಅಲ್ಲವೆಂದು ನಾನು ವಾದಿಸುತ್ತೇನೆ. ಸೇವೆ ಪೂರ್ಣ ಅರ್ಥದಲ್ಲಿ ಧರ್ಮವೇ. ಅಷ್ಟೇ ಅಲ್ಲ, ಒಂದು ಸಮುದಾಯಕ್ಕೆ ಏನು ಬೇಕೆಂಬ ಅರಿವು ಸೇವೆಯಿಂದಲೇ ಹುಟ್ಟುವುದರಿಂದ, ಆ ಸಮುದಾಯದ ದಾರಿಯನ್ನು ತೀರ್ಮಾನಿಸುವ ಅಧಿಕಾರವೂ ಸೇವೆ ಮಾಡಿದವರಿಗೆ ಸಲ್ಲಬೇಕು.

ಈ ವಾದದ ಮೊದಲರ್ಧಕ್ಕೆ ಯಹೂದಿ ಶಾಸ್ತ್ರವೇ ಆಧಾರ. ಲೋಕ ಮೂರು ಕಂಬಗಳ ಮೇಲೆ ನಿಂತಿದೆ ಎಂದು ಯಹೂದಿಗಳ ಪ್ರಾಚೀನ ಧರ್ಮಸಂಹಿತೆ ಮಿಶ್ನಾ ಹೇಳುತ್ತದೆ: ಪವಿತ್ರ ಗ್ರಂಥವಾದ ತೋರಾದ ಅಧ್ಯಯನ, ದೇವರ ಆರಾಧನೆ, ಮತ್ತು ಗೆಮಿಲುತ್ ಹಸಾದಿಮ್ ಎಂದು ಕರೆಯುವ ಕರುಣೆಯ ಕಾರ್ಯ. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ ತಾಲ್ಮುದ್ ಇನ್ನೂ ಮುಂದೆ ಹೋಗಿ ಈ ಕಾರ್ಯ ದಾನಕ್ಕಿಂತ ಮೂರು ವಿಧದಲ್ಲಿ ಮೇಲೆಂದು ಎಣಿಸುತ್ತದೆ. ದಾನ ಹಣದಿಂದ ಆಗುವಂಥದ್ದು, ಇದು ಹಣದಿಂದಲೂ ಮೈಮುರಿದು ದುಡಿಯುವುದರಿಂದಲೂ ಆಗುವಂಥದ್ದು. ದಾನ ಬಡವರಿಗೆ, ಇದು ಬಡವ ಬಲ್ಲಿದರಿಬ್ಬರಿಗೂ. ದಾನ ಬದುಕಿರುವವರಿಗೆ, ಇದು ಸತ್ತವರಿಗೂ. ಹೆಣಕ್ಕೆ ಮೀಯಿಸಿ, ಬಿಳಿಯ ಬಟ್ಟೆ ಉಡಿಸಿ ಮಣ್ಣಿಗೆ ಸಿದ್ಧಮಾಡುವ ಕೆಲಸವನ್ನು ಅತ್ಯಂತ ನಿಜವಾದ ಕರುಣೆ ಎನ್ನುವುದು ಇದಕ್ಕೇ: ಅದನ್ನು ಪಡೆದವರು ಮರಳಿ ಏನನ್ನೂ ಕೊಡಲಾರರು. ಹೆಣ್ಣಿನ ದೇಹವನ್ನು ಹೆಂಗಸರೇ ಮೀಯಿಸಬೇಕಾದ್ದರಿಂದ ಈ ಪವಿತ್ರ ಕರ್ತವ್ಯದಲ್ಲಿ ಅವರಿಗೆ ಎಂದೂ ವಿನಾಯಿತಿ ಇರಲಿಲ್ಲ. ಈ ಕರುಣೆಗೆ ಇಂತಿಷ್ಟೆಂಬ ಅಳತೆಯಿಲ್ಲವೆಂದೂ, ಯಹೂದಿಯಲ್ಲದ ಬಡವರನ್ನು ಸಲಹಿ, ಅವರ ರೋಗಿಗಳನ್ನು ವಿಚಾರಿಸಿ, ಅವರ ಸತ್ತವರನ್ನು ಮಣ್ಣುಮಾಡಬೇಕೆಂದೂ ಅದೇ ಪರಂಪರೆ ವಿಧಿಸಿದೆ. ಸಿನಗಾಗ್‌ನ ಹೊಸ್ತಿಲಾಚೆಗಿನ ಊರಿಗೆ ಮಾಡುವ ಸೇವೆಯೂ ಶಾಸ್ತ್ರಸಮ್ಮತವೇ.

ಶಾಸ್ತ್ರದ ಮಾತು ಬದುಕಿನಲ್ಲಿ ಹೇಗಿತ್ತು ಎಂಬುದಕ್ಕೆ ಜರ್ಮನಿಯ ವರ್ಮ್ಸ್ ಪಟ್ಟಣದ ಡುಲ್ಸಿಯಾ ಸಾಕ್ಷಿ. 1196ರಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಕೊಲೆಯಾದ ಈಕೆಯ ಬಗ್ಗೆ ಗಂಡ, ಪ್ರಸಿದ್ಧ ರಬ್ಬಿ (ಧರ್ಮಗುರು) ಎಲಿಯಾಜರ್, ಬರೆದ ಶೋಕಗೀತೆ ಉಳಿದುಬಂದಿದೆ. ಆಕೆ ಮನೆಯ ವ್ಯವಹಾರ ನಡೆಸಿದ್ದು, ಸಿನಗಾಗ್‌ನ ದೀಪಗಳಿಗೆ ಬತ್ತಿ ಹೊಸೆದದ್ದು, ಮದುಮಗಳಿಗೆ ಸಿಂಗಾರ ಮಾಡಿದ್ದು, ಸತ್ತವರಿಗೆ ಮೀಯಿಸಿದ್ದು, ಹೆಂಗಸರಿಗೆ ಪ್ರಾರ್ಥನೆ ಹೇಳಿಕೊಟ್ಟದ್ದು, ನಲವತ್ತು ತೋರಾ ಸುರುಳಿಗಳ ಹಾಳೆಗಳನ್ನು ಹೊಲಿದು ಕೂಡಿಸಿದ್ದು ಎಲ್ಲವೂ ಅದರಲ್ಲಿದೆ. ಆಕೆ ಹೊಲಿದ ಸುರುಳಿಯನ್ನು ಸಭೆಯ ನಡುವೆ ಬಿಚ್ಚಿ ಓದುವ ಹಕ್ಕು ಗಂಡಸರದ್ದಾಗಿತ್ತು. ಆದರೆ ಆ ಹೊಲಿಗೆಯಿಲ್ಲದೆ ಓದುವುದಕ್ಕೆ ಸುರುಳಿಯೇ ಇರುತ್ತಿರಲಿಲ್ಲ. ಆ ಪತಿಗೆ ಇದು ಗೊತ್ತಿತ್ತು, ಆದ್ದರಿಂದಲೇ ಅದನ್ನು ಮನೆಗೆಲಸದ ಪಟ್ಟಿಯಾಗಿ ಬರೆಯದೆ ಧರ್ಮಾಚರಣೆಯ ದಾಖಲೆಯಾಗಿ ಬರೆದರು. ಡುಲ್ಸಿಯಾಗೆ ಗೌರವ ಸಿಕ್ಕಿತು. ಅಧಿಕಾರದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಒಂಟಿ ಹೆಣ್ಣೊಬ್ಬಳ ಪುಣ್ಯಕಾರ್ಯ ಸಂಘದ ರೂಪ ತಾಳಿದಾಗಲೇ ಆ ಪ್ರಶ್ನೆಗೆ ಬಲ ಬಂದದ್ದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1819ರಲ್ಲಿ ರೆಬೆಕಾ ಗ್ರಾಟ್ಜ್ ಮತ್ತು ಮಿಕ್ವೆ ಇಸ್ರೇಲ್ ಸಭೆಯ ಹೆಂಗಸರು ಫೀಮೇಲ್ ಹೀಬ್ರೂ ಬೆನೆವೊಲೆಂಟ್ ಸೊಸೈಟಿ ಕಟ್ಟಿದರು. ಉರುವಲು, ಬಟ್ಟೆ, ಆಹಾರ ಹಂಚುವುದು ಅದರ ಮೊದಲ ಕೆಲಸ. ಅಂದಿನ ಹಲವು ಧರ್ಮಾರ್ಥ ಸಂಸ್ಥೆಗಳು ಕ್ರೈಸ್ತ ಪ್ರಚಾರದೊಂದಿಗೆ ಬೆರೆತಿದ್ದವು. ನೆರವು ಬೇಕಾದ ಬಡ ಯಹೂದಿ ಹೆಣ್ಣು ಧರ್ಮ ಬಿಡುವ ಒತ್ತಡವನ್ನೂ ಎದುರಿಸಬೇಕಾಗಿತ್ತು. ಬಡವರ ಮನೆಬಾಗಿಲಿಗೆ ಹೋದವರಿಗೆ ಇನ್ನೊಂದು ಸಂಗತಿಯೂ ಕಂಡಿತು: ಮಕ್ಕಳಿಗೆ ತಮ್ಮ ಧರ್ಮದ ತಿಳಿವಳಿಕೆಯೇ ಇರಲಿಲ್ಲ. ಈ ಅರಿವಿನಿಂದ 1838ರಲ್ಲಿ ಹೀಬ್ರೂ ಸಂಡೇ ಸ್ಕೂಲ್ ಹುಟ್ಟಿತು. ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ಕೂಡಿ ಕಲಿತರು, ಕಲಿಸಿದವರು ಹೆಂಗಸರು, ಏನು ಕಲಿಸಬೇಕೆಂದು ನಿರ್ಧರಿಸಿದವರೂ ಹೆಂಗಸರು. ಶತಮಾನಗಳಿಂದ ಗಂಡಸರ ಕೈಯಲ್ಲಿದ್ದ ಧರ್ಮಬೋಧನೆ ಹೀಗೆ ಉರುವಲು ಹಂಚಿದ ಕೈಗಳಿಗೆ ಬಂತು. 1855ರಲ್ಲಿ ಅನಾಥ ಮಕ್ಕಳ ಮನೆಯೂ ತೆರೆಯಿತು. ಇವು ಬಿಡಿ ಬಿಡಿ ಉಪಕಾರಗಳಲ್ಲ. ಹಸಿವನ್ನು ನೀಗಿಸಲು ಹೋದವರು ಅಜ್ಞಾನವನ್ನು ಕಂಡರು, ಅಜ್ಞಾನವನ್ನು ನೀಗಿಸಲು ಹೋದವರು ದಿಕ್ಕಿಲ್ಲದ ಮಕ್ಕಳನ್ನು ಕಂಡರು.

ನಮ್ಮ ಓದುಗರಿಗೆ 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನ ಎಂದೊಡನೆ ವಿವೇಕಾನಂದರ ನೆನಪಾಗುತ್ತದೆ. ಅದೇ ಸಮ್ಮೇಳನದ ಅಂಗವಾಗಿ ಹಾನಾ ಸಾಲಮನ್ ಅವರು ಯಹೂದಿ ಮಹಿಳೆಯರ ಅಧಿವೇಶನವನ್ನು ನಡೆಸಿದರು. ಗಂಡಸರ ಸಮಿತಿಯೊಂದಿಗೆ ಕೂಡಿ ಕೆಲಸಮಾಡಲು ಮೊದಲು ಅವರು ಸಿದ್ಧರಿದ್ದರು. ಕಾರ್ಯಕ್ರಮದಲ್ಲಿ ಮಾತಾಡುವ ಪಾಲು ಸಿಗಲಿಲ್ಲವಾದ್ದರಿಂದ ಬೇರೆಯಾದರು. ಅಲ್ಲಿಂದ ಹುಟ್ಟಿದ ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಷ್ ವಿಮೆನ್, ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ಹಡಗಿಳಿದು ಒಂಟಿಯಾಗಿ ಬರುತ್ತಿದ್ದ ವಲಸೆಯ ಹುಡುಗಿಯರನ್ನು ಕಾಪಾಡುವ ಹೊಣೆ ಹೊತ್ತಿತು. 1913ರಲ್ಲಿ ಯಹೂದಿಗಳ ಸುಧಾರಣಾವಾದಿ ರಿಫಾರ್ಮ್ ಪಂಥದ ಸಿನಗಾಗ್‌ಗಳ ಸಿಸ್ಟರ್‌ಹುಡ್ ಎಂಬ ಮಹಿಳಾ ಸಂಘಗಳು ಸೇರಿ ಸಿನ್ಸಿನಾಟಿಯಲ್ಲಿ ರಾಷ್ಟ್ರೀಯ ಒಕ್ಕೂಟ ರಚಿಸಿದವು. ಕ್ಯಾರಿ ಸೈಮನ್ ಮೊದಲ ಅಧ್ಯಕ್ಷೆ. 1918ರಲ್ಲಿ ಮಟಿಲ್ಡಾ ಶೆಕ್ಟರ್ ಇನ್ನೊಂದು ಪಂಥವಾದ ಕನ್ಸರ್ವೇಟಿವ್ ಯಹೂದಿಗಳ ಮಹಿಳಾ ಲೀಗ್ ಕಟ್ಟಿದರು. ಈ ಸಂಘಗಳು ಹಬ್ಬದೂಟ ಬಡಿಸಿದವು, ಪಾಠಶಾಲೆ ನಡೆಸಿದವು, ಸಿನಗಾಗ್‌ನ ಸಾಲ ತೀರಿಸಲು ಹಣ ಕೂಡಿಸಿದವು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ರಬ್ಬಿ ಮೈಕೆಲ್ ಆರನ್‌ಸನ್ ಮತ್ತಿತರರು 1931ರಲ್ಲಿ ಯಹೂದಿ ಬ್ರೈಲ್ ಸಂಸ್ಥೆ ಆರಂಭಿಸಿದಾಗ ಬೆನ್ನಿಗೆ ನಿಂತದ್ದು ರಿಫಾರ್ಮ್ ಪಂಥದ ಒಕ್ಕೂಟ. ಊರೂರಿನ ಸದಸ್ಯೆಯರು ಬ್ರೈಲ್ ಕಲಿತು ಪುಸ್ತಕಗಳನ್ನು ಚುಕ್ಕೆಗಳಲ್ಲಿ ಬರೆದುಕೊಟ್ಟರು.

ಈ ಒಕ್ಕೂಟ ಸಿನ್ಸಿನಾಟಿಯ ಹೀಬ್ರೂ ಯೂನಿಯನ್ ಕಾಲೇಜಿನಲ್ಲಿ ರಬ್ಬಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟಿತು, 1920ರ ದಶಕದಲ್ಲಿ ಅವರಿಗಾಗಿ ಹಾಸ್ಟೆಲ್ ಕಟ್ಟಿಸಿತು. ಅದೇ ದಶಕದಲ್ಲಿ ಅಲ್ಲಿ ಓದುತ್ತಿದ್ದ ಮಾರ್ಥಾ ನ್ಯೂಮಾರ್ಕ್ ತಾನೂ ರಬ್ಬಿಯಾಗಬಹುದೇ ಎಂದು ಕೇಳಿದಾಗ, 1922ರಲ್ಲಿ ರಬ್ಬಿಗಳ ಸಮ್ಮೇಳನ ನ್ಯಾಯವಾಗಿ ಅದನ್ನು ನಿರಾಕರಿಸಲಾಗದೆಂದರೂ, 1923ರಲ್ಲಿ ಕಾಲೇಜಿನ ಆಡಳಿತ ಮಂಡಳಿ ಒಪ್ಪಲಿಲ್ಲ. ಹೆಂಗಸರ ಹಣದಿಂದ ಗಂಡಸರು ರಬ್ಬಿಗಳಾಗಬಹುದು, ಹೆಂಗಸರು ಆಗಲಾರರು ಎಂಬ ಸ್ಥಿತಿ ಇನ್ನೂ ಅರ್ಧ ಶತಮಾನ ಮುಂದುವರಿಯಿತು. ಒಕ್ಕೂಟದ ಕಾರ್ಯನಿರ್ವಾಹಕಿ ಜೇನ್ ಇವಾನ್ಸ್ 1950ರ ದಶಕದಲ್ಲಿ ಬಹಿರಂಗವಾಗಿ ಮಹಿಳಾ ರಬ್ಬಿಗಳ ಪರ ಮಾತಾಡಿದರು. 1963ರಲ್ಲಿ ಒಕ್ಕೂಟವೇ ಅದಕ್ಕಾಗಿ ನಿರ್ಣಯ ಮಾಡಿತು. 1972ರಲ್ಲಿ ಸ್ಯಾಲಿ ಪ್ರೀಸಂಡ್ ಅಮೆರಿಕದ ಮೊದಲ ಮಹಿಳಾ ರಬ್ಬಿಯಾದರು. ಆ ಕಾಲದ ಸ್ತ್ರೀವಾದಿ ಚಳವಳಿಯ ಪಾಲು ಇದರಲ್ಲಿ ದೊಡ್ಡದೇ. ಆದರೂ ಸಭೆ ನಡೆಸಿ, ಲೆಕ್ಕ ಇಟ್ಟು, ವರ್ಷಕ್ಕೊಮ್ಮೆಯ ಸಿಸ್ಟರ್‌ಹುಡ್ ಸಬ್ಬತ್ ಎಂಬ ವಿಶ್ರಾಂತಿದಿನದ ಪ್ರಾರ್ಥನೆಗೆ ಮುಂದಾಳಾಗಿ ನಿಂತು ರೂಢಿಯಾದ ಹೆಂಗಸರು ಸಿನಗಾಗ್‌ಗಳಲ್ಲಿ ಆಗಲೇ ಇದ್ದರು ಎಂಬುದನ್ನು ಮರೆಯಲಾಗದು. ಮುಂದೆ ಇದೇ ಒಕ್ಕೂಟ ವಿದುಷಿಯರಿಂದ ಇಡೀ ತೋರಾಕ್ಕೆ ವ್ಯಾಖ್ಯಾನ ಬರೆಸಿತು.

ಇದು ಅಮೆರಿಕದ ಸಂಪತ್ತು, ಅಮೆರಿಕದ ಸ್ವಾತಂತ್ರ್ಯ ತಂದ ವಿಶೇಷ ಎನ್ನುವಂತಿಲ್ಲ. ಲಂಡನ್ನಿನ ಲಿಲಿ ಮಾಂಟೆಗ್ಯು ದುಡಿಯುವ ಯಹೂದಿ ಹುಡುಗಿಯರಿಗಾಗಿ 1893ರಲ್ಲಿ ಕ್ಲಬ್ ತೆರೆದರು. ವಾರವಿಡೀ ದಣಿಯುವ ಆ ಹುಡುಗಿಯರಿಗೆ ಹಳೆಯ ಪ್ರಾರ್ಥನೆಯ ಕ್ರಮ ತಲುಪುತ್ತಿಲ್ಲವೆಂದು ಕಂಡು ಅವರಿಗೆ ತಿಳಿಯುವ ಭಾಷೆಯಲ್ಲಿ ಪ್ರಾರ್ಥನೆ ನಡೆಸಿದರು. 1902ರಲ್ಲಿ ಪ್ರಾರ್ಥನೆಯ ಕ್ರಮವನ್ನು ಸುಧಾರಿಸಹೊರಟ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಸ್ಥಾಪನೆಗೆ ಕಾರಣರಾದರು. 1918ರಲ್ಲಿ ಸಿನಗಾಗ್‌ನಲ್ಲಿ ನಿಂತು ಪ್ರವಚನ ಮಾಡಿದರು. ಅವರಿಂದ ಪ್ರೇರಣೆ ಪಡೆದವರಲ್ಲಿ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ, ಭಾರತದ ಯಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಡಾ. ಜೆರೂಷಾ ಝಿರಾಡ್ ಒಬ್ಬರು. ಮುಂಬೈಯ ಕಾಮಾ ಆಸ್ಪತ್ರೆಯಲ್ಲಿ ಎಲ್ಲ ಮತದ ತಾಯಂದಿರ ಹೆರಿಗೆ ಮಾಡಿಸಿ, ಆ ಆಸ್ಪತ್ರೆಯ ಮುಖ್ಯಸ್ಥೆಯೂ ಆದ, 1966ರಲ್ಲಿ ಪದ್ಮಶ್ರೀ ಪಡೆದ ಈ ವೈದ್ಯೆ 1925ರಲ್ಲಿ ಮುಂಬೈಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಆರಂಭವಾಗಲು ಮುಖ್ಯ ಕಾರಣರು. ಅದೇ ಸಮುದಾಯದ ಹೆಂಗಸರು ಆ ನಗರದಲ್ಲಿ ತಮ್ಮದೇ ಸ್ತ್ರೀ ಮಂಡಲವನ್ನೂ ಕಟ್ಟಿಕೊಂಡಿದ್ದರು. ಜನರ ನೋವನ್ನು ಹತ್ತಿರದಿಂದ ಕಂಡವರೇ ಆ ಜನರ ಪ್ರಾರ್ಥನೆ ಹೇಗಿರಬೇಕೆಂದೂ ಯೋಚಿಸಿದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಸ್ತ್ರೀವಾದಿಗಳದು: ಸಿಸ್ಟರ್‌ಹುಡ್ ಎಂದರೆ ಮನೆಯ ಅಡುಗೆಮನೆಯನ್ನು ಸಿನಗಾಗ್‌ಗೆ ಹಿಗ್ಗಿಸಿದ್ದು; ಸಂಬಳವಿಲ್ಲದ ದುಡಿಮೆಗೆ ಪುಣ್ಯದ ಹೆಸರು ಕೊಟ್ಟು ಹೆಂಗಸರನ್ನು ಅಲ್ಲೇ ಕಟ್ಟಿಹಾಕಿದರು. ಈ ಮಾತಿನಲ್ಲಿ ನಿಜವಿದೆ. ಹಾಸ್ಟೆಲ್ಲಿನ ಕಥೆಯೇ ಅದನ್ನು ಒಪ್ಪುತ್ತದೆ. ಆದರೆ ತಪ್ಪು ದುಡಿಮೆಯಲ್ಲಿಲ್ಲ, ದುಡಿಮೆಯಿಂದ ನಿರ್ಧಾರವನ್ನು ಬೇರ್ಪಡಿಸಿದ್ದರಲ್ಲಿದೆ. ಅಡುಗೆಯನ್ನು ಕೀಳೆಂದು ಬಿಟ್ಟುಹೋದರೆ, ಅದನ್ನು ಕೀಳೆಂದು ಮೊದಲು ಎಣಿಸಿದವರ ಲೆಕ್ಕವನ್ನೇ ನಾವೂ ಒಪ್ಪಿದಂತಾಗುತ್ತದೆ. ಎರಡನೆಯ ಆಕ್ಷೇಪ, ಉಪಕಾರ ಅನ್ಯಾಯವನ್ನು ಮುಚ್ಚುತ್ತದೆ, ಬೇಕಾದದ್ದು ಕಾನೂನು ಎಂಬುದು. ನ್ಯೂಯಾರ್ಕಿನ ಎಮಾನು-ಎಲ್ ಸಿನಗಾಗ್‌ನಲ್ಲಿ 1880ರ ದಶಕದ ಕೊನೆಗೆ ಹುಟ್ಟಿದ ಸಿಸ್ಟರ್‌ಹುಡ್ ಆಫ್ ಪರ್ಸನಲ್ ಸರ್ವಿಸ್ ಇದಕ್ಕೆ ಉತ್ತರ. ಹಣ ಕಳಿಸುವ ಬದಲು ತಾವೇ ಬಡವರ ಮನೆಗೆ ಹೋಗಬೇಕೆಂಬುದು ಅದರ ನೇಮ. ಅನುಕೂಲಸ್ಥ ಜರ್ಮನ್ ಮೂಲದವರು ಪೂರ್ವ ಯುರೋಪಿನಿಂದ ಬಂದ ಬಡವರಿಗೆ ನಡತೆ ಕಲಿಸಹೊರಟ ದೊಡ್ಡಸ್ತಿಕೆ ಅದರಲ್ಲಿ ಇತ್ತು, ನಿಜ. ಆದರೆ ಅದರ ಅಧ್ಯಕ್ಷೆ ಹಾನಾ ಐನ್‌ಸ್ಟೈನ್ ಆ ಮನೆಗಳಲ್ಲಿ ಕಂಡದ್ದೇನು? ಗಂಡ ಸತ್ತ ತಾಯಂದಿರು ಬಡತನವೊಂದೇ ಕಾರಣಕ್ಕೆ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸುತ್ತಿದ್ದರು. ಯಾವ ಸಂಘದ ಹುಂಡಿಯೂ ಇದನ್ನು ತಡೆಯಲಾರದೆಂದು ಅರಿತು ಅವರು ಸರ್ಕಾರದ ಬೆನ್ನುಹತ್ತಿದರು. ವಿಧವೆ ತಾಯಂದಿರಿಗೆ ಸಾರ್ವಜನಿಕ ನೆರವು ಕೊಡುವ ಕಾನೂನು 1915ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬಂತು. ನ್ಯಾಯದ ಬೇಡಿಕೆಗೆ ಇಲ್ಲಿ ದಾರಿ ಮಾಡಿದ್ದು ಉಪಕಾರವೇ.

ಮೂರನೆಯ ಆಕ್ಷೇಪ ಸಂಪ್ರದಾಯಸ್ಥರದು, ನನಗೆ ಅದೇ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಪ್ರತಿಫಲ ಬಯಸದ್ದೇ ನಿಜವಾದ ಕರುಣೆಯಾದರೆ, ಸೇವೆಗೆ ಬದಲಾಗಿ ಅಧಿಕಾರ ಕೇಳುವುದು ಸೇವೆಯನ್ನೇ ಕೆಡಿಸದೇ? ಪ್ರಾರ್ಥನೆಯ ಮುಂದಾಳ್ತನ ತಮಗೆ ಬೇಡವೆನ್ನುವ ಸಾವಿರಾರು ಶ್ರದ್ಧಾವಂತ ಹೆಂಗಸರಿದ್ದಾರೆ, ಅವರು ಮೋಸಹೋದವರೇ? ಖಂಡಿತ ಅಲ್ಲ, ಅವರ ಶ್ರದ್ಧೆಯನ್ನು ಅಳೆಯುವ ಹಕ್ಕು ಹೊರಗಿನವರಿಗಿಲ್ಲ. ಆದರೆ ನಾನು ಹೇಳುವ ಅಧಿಕಾರ ಸೇವೆಗೆ ಸಲ್ಲುವ ಸಂಬಳವಲ್ಲ, ಸೇವೆಯ ಮುಂದುವರಿಕೆ. ದಾನದ ಎಂಟು ಮೆಟ್ಟಿಲುಗಳನ್ನು ಹೇಳಿದ ಮಧ್ಯಯುಗದ ಯಹೂದಿ ಪಂಡಿತ ಮೈಮೊನಿಡೀಸ್ ಎಲ್ಲಕ್ಕಿಂತ ಮೇಲಿಟ್ಟದ್ದು ಬಿದ್ದವರು ಮತ್ತೆ ಕೈಚಾಚದಂತೆ ಸಾಲ, ಪಾಲುಗಾರಿಕೆ ಅಥವಾ ಕೆಲಸ ಕೊಟ್ಟು ನಿಲ್ಲಿಸುವುದನ್ನು. ಆ ಮೆಟ್ಟಿಲು ಏರಬೇಕಾದರೆ ಖಜಾನೆಯ ಕೀಲಿ ಎಲ್ಲಿದೆ, ಹಣ ಯಾವುದಕ್ಕೆ ಹೋಗಬೇಕು ಎಂಬ ಮಾತಿನಲ್ಲಿ ಪಾಲಿರಬೇಕು. ಪ್ರಾರ್ಥನೆಯ ವಿಧಿ ಏನೇ ಇರಲಿ, ಆಡಳಿತ ಸಮಿತಿಯ ಕುರ್ಚಿಗೂ ಆ ವಿಧಿಗೂ ನಂಟಿಲ್ಲ. ಹೆಂಗಸರನ್ನು ಮುಂದಾಳಾಗಿ ನಿಲ್ಲಿಸದ ಸಭೆಯೂ ಅವರನ್ನು ಆ ಕುರ್ಚಿಯಲ್ಲಿ ಕೂರಿಸಬಹುದು, ಕೂರಿಸಬೇಕು.

ಹೆಂಗಸರು ರಬ್ಬಿಗಳೂ ಅಧ್ಯಕ್ಷೆಯರೂ ಆಗಿರುವ ಸಭೆಗಳಲ್ಲಿ ಈ ಸಂಘಗಳಿಗೆ ಇನ್ನೇನು ಕೆಲಸ ಎಂದು ಈಗ ಕೇಳುವವರಿದ್ದಾರೆ. ಹಗಲೆಲ್ಲ ಉದ್ಯೋಗದಲ್ಲಿರುವ ಹೆಂಗಸರಿಗೆ ಬಿಡುವಿಲ್ಲವೆಂಬುದೂ ಸತ್ಯ. ಸಂಘದ ರೂಪ ಬದಲಾಗಬಹುದು, ಹೆಸರು ಹೋಗಬಹುದು. ರೋಗಿಯ ಹಾಸಿಗೆ, ಸೂತಕದ ಮನೆ, ಹಸಿದ ನೆರೆಯವರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಹೆಂಗಸರು ವೇದಿಕೆಗೆ ಬಂದಷ್ಟೇ ಸಹಜವಾಗಿ ಗಂಡಸರು ಅಡುಗೆಮನೆಗೂ ರೋಗಿಯ ಬಳಿಗೂ ಬರದಿದ್ದರೆ, ಈ ಎರಡು ಶತಮಾನಗಳ ದುಡಿಮೆಯ ಅರ್ಧ ಫಲ ಮಾತ್ರ ಕೈಗೆ ಬಂದಂತೆ. ಒಂದು ಸಭೆಯನ್ನು ನಡೆಸುವವರನ್ನು ಆರಿಸುವಾಗ ಅವರ ಪಾಂಡಿತ್ಯವನ್ನೂ ದೇಣಿಗೆಯನ್ನೂ ವಿಚಾರಿಸುವಂತೆ, ಅವರು ಎಷ್ಟು ಮನೆಗಳ ಬಾಗಿಲು ತಟ್ಟಿದ್ದಾರೆ, ಎಷ್ಟು ಮಂದಿಗೆ ಬಡಿಸಿದ್ದಾರೆ, ಯಾರ ಕೊನೆಯ ಸ್ನಾನ ಮಾಡಿಸಿದ್ದಾರೆ ಎಂದೂ ವಿಚಾರಿಸಬೇಕು. ಕರುಣೆಯೂ ಲೋಕವನ್ನು ಹೊತ್ತ ಮೂರು ಕಂಬಗಳಲ್ಲಿ ಒಂದೆಂದು ನಂಬುವ ಧರ್ಮಕ್ಕೆ ತನ್ನ ಆಡಳಿತದಲ್ಲೂ ಆ ನಂಬಿಕೆಯನ್ನು ತೋರಿಸುವ ಹೊಣೆಯಿದೆ.